ಆರು ವೋಲ್ಟಿಗೆ ಎರಡು ಆಂಪಿಯರ್

೮ ಫೆಬ್ರವರಿ ೧೯೮೮, ಸೋಮವಾರ

ಇವತ್ತು ನಾಲ್ಕನೆಯದು ವಾಪಸ್ಸು ಬಂತು. ಟೆಂಪೋದಿಂದ ಇಳಿಸುವಾಗಲೇ ಸುಟ್ಟ ವಾರ್ನಿಷಿನ ವಾಸನೆ ಅಂಗಳದ ತುಂಬ ಹರಡಿತು. ತಂತಿಯ ಕಾಯಿಲ್ ಸುತ್ತುವ ಹೆಂಗಸರೆಲ್ಲ ಮೂಗಿಗೆ ಸೆರಗು ಹಿಡಿದರು. ಅದೇ ಮುಕ್ಕಾಲು ಕುದುರೆಶಕ್ತಿಯ ಪಂಪಿನ ಮೋಟಾರು. ನಾಲ್ಕೂ ನವೆಂಬರಿನಿಂದ ಈಚೆಗೆ ನಮ್ಮ ಶೆಡ್ಡಿನಿಂದ ಹೋದವು. ನಾಲ್ಕರ ಟೆಸ್ಟ್ ಹಾಳೆಯಲ್ಲೂ ನನ್ನದೇ ಸಹಿ.

ಶೆಡ್ಡಿನ ಒಡೆಯರು, ಮೊದಲಾಳಿ ದೇವರಾಜುಲು, ಎಲ್ಲರ ಎದುರಿಗೇ ಕೇಳಿದರು: "ಏನಮ್ಮಾ ತುಳಸಿಮಣಿ, ಮೀಟರು ನೋಡಿ ಬರೀತೀಯೋ, ಇಲ್ಲಾ ಮೀಟರಿಗೆ ಕುಂಕುಮ ಇಟ್ಟು ಕೈ ಮುಗಿದು ಬರೀತೀಯೋ?"

ನಗು ಕೇಳಿಸಿತು. ನಾನು ತಲೆ ತಗ್ಗಿಸಿದೆ. ಆಗ ಫೋರ್‌ಮನ್ ಆರುಚ್ಚಾಮಿ ಅಯ್ಯಾ ಕೈ ಒರೆಸಿಕೊಳ್ಳುತ್ತ ಬಂದು, "ಅವಳನ್ನ ಯಾಕೆ ಅಂತೀರಿ? ಆ ಕಡೆ ಹಳ್ಳಿಗಳಲ್ಲಿ ಸಾಯಂಕಾಲ ವೋಲ್ಟೇಜು ನೂರೈವತ್ತಕ್ಕೆ ಇಳಿಯುತ್ತೆ. ಮೋಟಾರು ಕರೆಂಟು ಜಾಸ್ತಿ ಎಳೆಯುತ್ತೆ, ಸುಟ್ಟುಹೋಗುತ್ತೆ. ಹುಡುಗಿ ಏನು ಮಾಡ್ತಾಳೆ?" ಅಂದರು.

ಮೂವತ್ತನಾಲ್ಕು ವರ್ಷದವಳನ್ನು ಹುಡುಗಿ ಅನ್ನುವವರು ನಮ್ಮ ಗಣಪತಿ ಬಡಾವಣೆಯಲ್ಲಿ, ಅಲ್ಲ, ಇಡೀ ಕೊಯಮತ್ತೂರಿನಲ್ಲಿ ಅವರೊಬ್ಬರೇ.

ಮನೆಗೆ ಬಂದು ಲೆಕ್ಕ ಹಾಕಿದೆ. ಕರೆಂಟು ಎರಡರಷ್ಟಾದರೆ ಸುರುಳಿಯ ಬಿಸಿ ನಾಲ್ಕರಷ್ಟು. ಅಯ್ಯಾ ಹೇಳಿದ್ದು ಸರಿ.

೧೧ ಫೆಬ್ರವರಿ, ಗುರುವಾರ

ಮನಸ್ಸು ತಡೆಯದೆ ಇವತ್ತು ಪ್ರತಿಯೊಂದನ್ನೂ ಎರಡೆರಡು ಸಲ ಟೆಸ್ಟ್ ಮಾಡಿದೆ. ಬ್ಯಾಟರಿ ಆರು ವೋಲ್ಟು. ಸುರುಳಿಯ ಎರಡು ತುದಿಗೆ ಹಚ್ಚಿದರೆ ಆಂಪಿಯರ್ ಮೀಟರಿನ ಮುಳ್ಳು ಎರಡಕ್ಕೆ ಬಂದು ನಿಲ್ಲುತ್ತದೆ. ಆರನ್ನು ಎರಡರಿಂದ ಭಾಗಿಸಿದರೆ ಮೂರು ಓಮ್. ಇರಬೇಕಾದದ್ದೂ ಮೂರೇ. ಇಪ್ಪತ್ತೆರಡು ಮೋಟಾರು, ಇಪ್ಪತ್ತೆರಡೂ ಮೂರು.

ಹದಿನಾರಕ್ಕೆ ಕಾಯಿಲ್ ಸುತ್ತಲು ಸೇರಿದವಳು ನಾನು. ಮೂರು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅಯ್ಯಾ ಸೀಮೆಸುಣ್ಣ ತಗೊಂಡು ನೆಲದ ಮೇಲೇ ಬರೆದು ತೋರಿಸಿದ್ದರು. "ನೋಡು ಅಮ್ಮಿಣಿ, ಒತ್ತೋದು ವೋಲ್ಟು. ಹರಿಯೋದು ಆಂಪಿಯರು. ತಡೆಯೋದು ಓಮು. ಒತ್ತಿದ್ದನ್ನ ಹರಿದದ್ದರಿಂದ ಭಾಗಿಸು, ಎಷ್ಟು ತಡೀತು ಅಂತ ತಿಳಿಯುತ್ತೆ. ಒತ್ತಿದ್ದನ್ನೂ ಹರಿದದ್ದನ್ನೂ ಗುಣಿಸು, ಎಷ್ಟು ತಿಂತು ಅಂತ ತಿಳಿಯುತ್ತೆ, ಅದು ವ್ಯಾಟು." ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಇದು ಒಂದೇ ಮಧ್ಯಾಹ್ನದಲ್ಲಿ ಹತ್ತಿತು. ಮರುವಾರ ಟೆಸ್ಟ್ ಮೇಜಿಗೆ ನನ್ನನ್ನು ಕೂಡಿಸಿದರು. ಗಂಡಸರು ಒಂದು ತಿಂಗಳು ಮುಖ ತಿರುಗಿಸಿಕೊಂಡಿದ್ದರು. ಅಪ್ಪ ನನ್ನನ್ನು ಹೆತ್ತರು, ಅಯ್ಯಾ ನನ್ನನ್ನು ಮಾಡಿದರು.

ವೋಲ್ಟೇಜೇ ಕಾರಣ. ಇನ್ನು ಇದರ ಬಗ್ಗೆ ಯೋಚಿಸಬಾರದು.

೧೯ ಫೆಬ್ರವರಿ, ಶುಕ್ರವಾರ

ಅನ್ನೂರಿನ ಹತ್ತಿರದ ಒಂದು ಪಂಚಾಯಿತಿಯ ಪಂಪ್‌ಹೌಸಿನಲ್ಲಿ ನೀರು ಬಿಡುವವನಿಗೆ ಕರೆಂಟು ಹೊಡೆದಿದೆ. ಸುರುಳಿ ಕಾದು, ಹೊದಿಕೆ ಕರಗಿ, ಮೋಟಾರಿನ ಮೈಗೇ ಕರೆಂಟು ಹತ್ತಿತ್ತಂತೆ. ಮೋಟಾರು ನಮ್ಮದು. ನಂಬರು ನೋಡಿದೆ. ಹಾಳೆ ತೆಗೆದೆ. ಆರು ವೋಲ್ಟು, ಎರಡು ಆಂಪಿಯರು, ಮೂರು ಓಮು. ಕೆಳಗೆ ನನ್ನ ಸಹಿ, ದುಂಡಗೆ.

ಊಟ ಸೇರಲಿಲ್ಲ.

೨೧ ಫೆಬ್ರವರಿ, ಭಾನುವಾರ

ಆಸ್ಪತ್ರೆಗೆ ಹೋಗಿದ್ದೆ. ಅವನ ಹೆಸರು ರಾಕ್ಕಿಯಣ್ಣನ್. ಐವತ್ತರ ಆಚೆ. ಬಲಗೈಗೆ ಮೊಣಕೈವರೆಗೆ ಪಟ್ಟಿ ಸುತ್ತಿದ್ದರು. ಎರಡು ಬೆರಳು ತೆಗೆದಿದ್ದಾರೆ. ನಾನು ಯಾರು ಅಂತ ಹೇಳಿದೆ. ಬಯ್ಯುತ್ತಾನೆ ಅಂದುಕೊಂಡು ನಿಂತಿದ್ದೆ.

"ಕೂತ್ಕೋ ತಾಯಿ" ಅಂದ. "ಇಪ್ಪತ್ತು ವರ್ಷ ಕರೆಂಟಿನ ಜೊತೆ ಸಂಸಾರ ಮಾಡಿದೀನಿ. ಒಂದು ದಿನಕ್ಕೂ ಕೈ ಎತ್ತಿರಲಿಲ್ಲ. ಈಗ ಅದಕ್ಕೇನು ಕೋಪ ಬಂತೋ!"

ಪಕ್ಕದ ಮಂಚದವನು ನಕ್ಕ. ನನಗೆ ಅಳು ಬಂತು.

"ನೀನೇ ಪರೀಕ್ಷೆ ಮಾಡಿದ್ದಾ?"

"ಹೌದಣ್ಣಾ. ಸರಿಯಾಗೇ ಇತ್ತು. ಮೂರು ಓಮ್ ಇತ್ತು."

"ಅದೆಲ್ಲ ನನಗೆ ತಿಳಿಯಲ್ಲ. ಸರಿಯಾಗಿದ್ದದ್ದು ಹೀಗೆ ಮಾಡುತ್ತಾ?"

ಕಿತ್ತಳೆ ಹಣ್ಣು ಸುಲಿದು ಕೊಟ್ಟು ಬಂದೆ. ಎಡಗೈಯಲ್ಲಿ ತಿನ್ನಲು ಅವನಿಗೆ ಇನ್ನೂ ಬರುವುದಿಲ್ಲ.

೨೨ ಫೆಬ್ರವರಿ, ಸೋಮವಾರ

ಅಯ್ಯಾ ಅವರಿಗೆ ಹೇಳಿದೆ. ಅವರು ಬೇಸರ ಮಾಡಿಕೊಂಡರು. "ಅಲ್ಲಿಗೆ ಯಾಕೆ ಹೋದೆ? ಹೋದರೆ ತಪ್ಪು ನಮ್ಮದೇ ಅಂತ ಆಗಲ್ವಾ? ನಿನ್ನದು ಮೆತ್ತನೆ ಮನಸ್ಸು. ಇನ್ನು ಮೇಲೆ ನನ್ನ ಕೇಳದೆ ಎಲ್ಲಿಗೂ ಹೋಗಬೇಡ."

ನನ್ನ ಮೇಲಿನ ಕಾಳಜಿಗೇ ಹೇಳಿದ್ದು.

೨೭ ಫೆಬ್ರವರಿ, ಶನಿವಾರ

ಪಂಪ್‌ಹೌಸಿನ ಆ ಮೋಟಾರನ್ನು ಇವತ್ತು ತಂದು ಹಿಂದಿನ ವರಾಂಡದಲ್ಲಿ ಹಾಕಿದರು. ಊಟದ ಹೊತ್ತಿಗೆ ಎಲ್ಲರೂ ಆಚೆ ಕೂತಿದ್ದಾಗ ಮುಚ್ಚಳ ಬಿಚ್ಚಿ ನೋಡಿದೆ. ಸುರುಳಿ ಕರಿ ಮುದ್ದೆ. ಒಂದು ತುದಿ ಕತ್ತರಿಸಿ, ಚಾಕುವಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ. ಒಳಗೆ ಬೆಳ್ಳಗೆ.

ಇನ್ನೊಂದು ಕಡೆ ಕತ್ತರಿಸಿದೆ. ಬೆಳ್ಳಗೆ.

ಅಲ್ಯುಮಿನಿಯಂ.

೨೮ ಫೆಬ್ರವರಿ, ಭಾನುವಾರ

ಬೆಳಗ್ಗೆಯಿಂದ ಅದೇ ಲೆಕ್ಕ. ಅಷ್ಟೇ ದಪ್ಪ, ಅಷ್ಟೇ ಉದ್ದದ ಅಲ್ಯುಮಿನಿಯಂ ತಂತಿ ತಾಮ್ರಕ್ಕಿಂತ ಒಂದೂವರೆ ಪಟ್ಟಿಗಿಂತಲೂ ಹೆಚ್ಚು ತಡೆಯುತ್ತದೆ. ಮೂರು ಓಮಿನ ಜಾಗದಲ್ಲಿ ಸುಮಾರು ನಾಲ್ಕು ಪಾಯಿಂಟ್ ಎಂಟು ಬರಬೇಕು. ಮೋಟಾರು ಓಡುವಾಗ ಐದು ಆಂಪಿಯರು. ಐದೈದಲೆ ಇಪ್ಪತ್ತೈದು. ಅದನ್ನು ಮೂರರಿಂದ ಗುಣಿಸಿದರೆ ಎಪ್ಪತ್ತೈದು ವ್ಯಾಟು ಬಿಸಿ. ನಾಲ್ಕು ಪಾಯಿಂಟ್ ಎಂಟರಿಂದ ಗುಣಿಸಿದರೆ ನೂರಿಪ್ಪತ್ತು. ಅಷ್ಟೇ ಸಣ್ಣ ಡಬ್ಬಿಯೊಳಗೆ, ದಿನಕ್ಕೆ ಎಂಟು ಗಂಟೆ. ಹೊದಿಕೆ ಕರಗದೆ ಇನ್ನೇನು?

ಸುಟ್ಟದ್ದು ಅರ್ಥವಾಯಿತು. ಅರ್ಥವಾಗದ್ದು ಬೇರೆ. ಅಲ್ಯುಮಿನಿಯಂ ಆಗಿದ್ದರೆ ಆರು ವೋಲ್ಟಿಗೆ ಒಂದೂಕಾಲು ಆಂಪಿಯರು ಬರಬೇಕಿತ್ತು. ನಾನು ಎರಡು ಅಂತ ಬರೆದಿದ್ದೇನೆ. ನೋಡದೆ ಬರೆದೆನಾ? ಹದಿನೈದು ವರ್ಷದಲ್ಲಿ ಒಂದು ದಿನವೂ ನೋಡದೆ ಬರೆದವಳಲ್ಲ. ಆದರೂ ಈಗ ನನ್ನ ಮೇಲೇ ನನಗೆ ಸಂಶಯ.

ಅಮ್ಮ ಅಕ್ಕಿ-ಬೇಳೆ ಅನ್ನ ಮಾಡಿಟ್ಟು ಎರಡು ಸಲ ಕರೆದಳು.

೧ ಮಾರ್ಚ್, ಮಂಗಳವಾರ

ಮೊದಲು ಅಯ್ಯಾ ಅವರಿಗೇ ಹೇಳಬೇಕು ಅಂತ ನಿರ್ಧರಿಸಿದ್ದೆ. ತಂತಿಯ ತುಂಡನ್ನು ಅವರ ಅಂಗೈಯಲ್ಲಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು.

"ತಂತಿ ಕೊಡೋವನು ಮೋಸ ಮಾಡಿದಾನೆ ಅಮ್ಮಿಣಿ" ಅಂದರು.

"ಹಾಗಾದರೆ ಮೀಟರು ಯಾಕೆ ಹೇಳಲಿಲ್ಲ ಅಯ್ಯಾ?"

"ಬ್ಯಾಟರಿ ಹೆಚ್ಚುಕಮ್ಮಿ ಇದ್ದಿರಬೇಕು. ನಾನು ವಿಚಾರಿಸ್ತೀನಿ. ನೀನು ಯಾರಿಗೂ ಹೇಳಬೇಡ, ಮೊದಲಾಳಿಗೂ ಹೇಳಬೇಡ." ತುಂಡನ್ನು ಜೇಬಿಗೆ ಹಾಕಿಕೊಂಡರು.

ಇನ್ನು ಅವರು ನೋಡಿಕೊಳ್ಳುತ್ತಾರೆ. ಇವತ್ತು ಎರಡು ತಟ್ಟೆ ಊಟ ಮಾಡಿದೆ.

೫ ಮಾರ್ಚ್, ಶನಿವಾರ

ನಾಲ್ಕು ದಿನವಾದರೂ ಅಯ್ಯಾ ಏನೂ ಹೇಳಲಿಲ್ಲ. ಬ್ಯಾಟರಿ ಹೆಚ್ಚುಕಮ್ಮಿ ಅಂದರಲ್ಲ, ವೋಲ್ಟ್ ಮೀಟರಿನಿಂದ ಅಳೆದೆ. ಸರಿಯಾಗಿ ಆರು. ಹಾಗಾದರೆ ಉಳಿದದ್ದು ಒಂದೇ, ಆಂಪಿಯರ್ ಮೀಟರು. ಸತ್ತಿ ರಸ್ತೆಯ ಅಂಗಡಿಯಲ್ಲಿ ಮೊಪೆಡ್ಡಿನ ಹೆಡ್‌ಲೈಟ್ ಬಲ್ಬು ಕೊಂಡೆ. ಬುಡದಲ್ಲೇ ಅಚ್ಚು ಹಾಕಿದ್ದಾರೆ: ಆರು ವೋಲ್ಟು, ಹದಿನೈದು ವ್ಯಾಟು. ಹದಿನೈದನ್ನು ಆರರಿಂದ ಭಾಗಿಸಿದರೆ ಎರಡೂವರೆ ಆಂಪಿಯರು.

ಟೀ ಹೊತ್ತಿನಲ್ಲಿ ಮೇಜಿನ ಮೀಟರಿಗೆ ಹಚ್ಚಿ ನೋಡಿದೆ.

ನಾಲ್ಕು.

ಹದಿನೈದು ವ್ಯಾಟಿನ ಬಲ್ಬು ಇಪ್ಪತ್ತನಾಲ್ಕು ವ್ಯಾಟು ತಿನ್ನುತ್ತಿದೆ ಅಂತ ನನ್ನ ಮೀಟರು ಹೇಳುತ್ತಿದೆ.

೭ ಮಾರ್ಚ್, ಸೋಮವಾರ

ಬಲ್ಬೇ ಸುಳ್ಳು ಹೇಳಿರಬಹುದು. ಬೇರೆ ಬೇರೆ ಅಂಗಡಿಯಿಂದ ಇನ್ನೂ ಮೂರು ತಂದೆ. ನಾಲ್ಕು, ನಾಲ್ಕು, ನಾಲ್ಕಕ್ಕೆ ಕೂದಲೆಳೆ ಕಮ್ಮಿ.

ಒಂದೂಕಾಲನ್ನು ಎರಡು ಮಾಡುವ ಮೀಟರು ಎರಡೂವರೆಯನ್ನು ನಾಲ್ಕು ಮಾಡುತ್ತದೆ. ಒಂದೇ ಪ್ರಮಾಣ.

ನವೆಂಬರಿನಲ್ಲಿ ಮೀಟರನ್ನು ಸರಿಪಡಿಸಿ ತರುತ್ತೇನೆ ಅಂತ ತಗೊಂಡು ಹೋಗಿದ್ದು ಅಯ್ಯಾ. ಸೀಸದ ಮುದ್ರೆ ಹಾಕಿಸಿಕೊಂಡು ತಂದು ಮೇಜಿನ ಮೇಲಿಟ್ಟು "ನಿನ್ನ ಕಣ್ಣು ತಂದಿದೀನಿ, ಜೋಪಾನ" ಅಂದದ್ದೂ ಅವರು.

ಹಾಗಿರಲಾರದು.

೮ ಮಾರ್ಚ್, ಮಂಗಳವಾರ

ಮುದ್ರೆ ಒಡೆದೆ.

ಕರೆಂಟಿನ ಹೆಚ್ಚಿನ ಪಾಲನ್ನು ಮುಳ್ಳಿನ ಪಕ್ಕದಿಂದ ಹರಿಸುವ ಒಳಗಿನ ಶಂಟ್ ಪಟ್ಟಿಯನ್ನು ಅರದಿಂದ ತೇಯ್ದಿದ್ದಾರೆ. ಪಟ್ಟಿ ತೆಳುವಾದಷ್ಟೂ ಮುಳ್ಳು ಜಾಸ್ತಿ ಏರುತ್ತದೆ. ತೇಯ್ದ ಗೆರೆಗಳು ಎಡದಿಂದ ಬಲಕ್ಕೆ ಇಳಿದಿವೆ. ಶೆಡ್ಡಿನಲ್ಲಿ ಎಡಗೈಯಿಂದ ಅರ ಹಿಡಿಯುವವರು ಒಬ್ಬರೇ. ಕೆಲಸ ಬಹಳ ನಾಜೂಕು. ತೇಯ್ದು, ಅಳೆದು, ತೇಯ್ದು, ಅಳೆದು, ಸರಿಯಾಗಿ ಮೂರು ಓಮ್ ಬರುವ ತನಕ.

ಅವರಿಗೆ ಎಷ್ಟು ಹೊತ್ತು ಹಿಡಿಯಿತೋ.

೧೦ ಮಾರ್ಚ್, ಗುರುವಾರ

ಜ್ವರ ಅಂತ ಹೇಳಿಕಳಿಸಿ ರಜ.

ಅಂಗಡಿಯಿಂದ ತಂದ ಸಕ್ಕರೆಯನ್ನು ಪಕ್ಕದ ಮನೆಯ ತಕ್ಕಡಿಯಲ್ಲಿ ತೂಗಿದೆ. ಹಾಲಿನವಳ ಲೋಟಕ್ಕೆ ಎರಡು ಸಲ ನೀರು ತುಂಬಿ ನೋಡಿದೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಊಟ ಆಯಿತಾ ಅಂತ ಕೇಳಿದ್ದಕ್ಕೆ ಆಯಿತು ಅಂದಳು. ನಾನು ಹೋಗಿ ಪಾತ್ರೆ ತೆಗೆದು ನೋಡಿದೆ.

"ನನ್ನನ್ನೂ ಆ ಬಲ್ಬಿಗೆ ಹಚ್ಚಿ ನೋಡಿಬಿಡು" ಅಂದಳು. "ನಿನ್ನ ಹೆತ್ತೋಳು ನಾನೇನಾ ಅಂತ ಅದೂ ತಿಳಿದುಹೋಗಲಿ."

ಅವಳು ಕೆನ್ನೆ ಮುಟ್ಟಿ ಜ್ವರ ನೋಡಿದಳು. ಇಲ್ಲ ಅಂತ ಅವಳಿಗೆ ಗೊತ್ತಾಯಿತು, ಆದರೂ ಕೇಳಲಿಲ್ಲ.

೧೨ ಮಾರ್ಚ್, ಶನಿವಾರ

ರಂಗಾತ್ತಾಳಿಗೆ ಹೇಳಿದೆ. ಅವಳು ಇಪ್ಪತ್ತೈದು ವರ್ಷದಿಂದ ಕಾಯಿಲ್ ಸುತ್ತುವವಳು. ನನಗೆ ಮೊದಲ ಗಂಟು ಹಾಕಲು ಕಲಿಸಿದವಳು. ತಂತಿ ತಾಮ್ರವಲ್ಲ ಅಂದ ಕೂಡಲೇ ಬೆಚ್ಚಿಬೀಳುತ್ತಾಳೆ ಅಂದುಕೊಂಡಿದ್ದೆ. ಅವಳು ಎಲೆ ಅಡಿಕೆ ಜಗಿಯುವುದನ್ನೂ ನಿಲ್ಲಿಸಲಿಲ್ಲ.

"ಇದನ್ನ ಈಗ ಹೇಳ್ತೀಯಾ? ಸುರುಳಿ ಎತ್ತಿದ್ರೆ ಹತ್ತಿ ಎತ್ತಿದ ಹಾಗಿರುತ್ತೆ. ಬಗ್ಗಿಸಿದ್ರೆ ಬಾಳೆನಾರಿನ ಥರ ಬಗ್ಗುತ್ತೆ. ಮೊದಲನೇ ದಿನಾನೇ ಕೈಗೆ ಗೊತ್ತಾಯ್ತು."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ಯಾರಿಗೆ ಹೇಳೋದು? ಮೇಜಿನ ಮುಂದೆ ಕೂತು ಪಾಸು ಅಂತ ಬರೀತಿದ್ದೋಳು ನೀನು. ಆರುಚ್ಚಾಮಿ ಸಾಕಿದ ಗಿಣಿ. ನಿನಗೂ ಅದರಲ್ಲಿ ಪಾಲಿದೆ ಅಂದ್ಕೊಂಡ್ವಿ."

"ಎಲ್ಲರೂ ಹಾಗೇ ಅಂದುಕೊಂಡಿದ್ದೀರಾ?"

"ಮತ್ತೆ? ನಮಗೆ ಕೈಯಲ್ಲಿ ತಿಳಿಯೋದು ನಿನಗೆ ಮಿಷನ್ನಲ್ಲಿ ತಿಳಿಯಲ್ಲ ಅಂತ ಯಾರು ನಂಬ್ತಾರೆ ಹೇಳು."

ನಾಲ್ಕು ತಿಂಗಳು ಇವರೆಲ್ಲ ನನ್ನ ಜೊತೆ ಬುತ್ತಿ ಹಂಚಿಕೊಂಡು ಉಂಡಿದ್ದಾರೆ. ನನ್ನನ್ನು ಕಳ್ಳಿ ಅಂತ ತಿಳಿದುಕೊಂಡೇ ಉಂಡಿದ್ದಾರೆ.

೧೪ ಮಾರ್ಚ್, ಸೋಮವಾರ

ಊಟದ ಹೊತ್ತಿನಲ್ಲಿ ಅಯ್ಯಾ ಬೇವಿನ ಮರದ ಕೆಳಗೆ ಒಬ್ಬರೇ ಕೂತಿದ್ದರು. ಎದುರಿಗೆ ಹೋಗಿ ನಿಂತೆ. ಮಾತು ಕಟ್ಟಿಕೊಂಡೇ ಹೋಗಿದ್ದೆ. "ಶಂಟು ನೋಡಿದೆ" ಅಂದೆ, ಅಷ್ಟೇ.

ಅವರು ಬುತ್ತಿ ಮುಚ್ಚಿದರು. "ಮುದ್ರೆ ಒಡೆದ್ಯಾ?"

"ಹ್ಞೂಂ."

"ಕೂತ್ಕೋ."

"ನಿಂತೇ ಇರ್ತೀನಿ."

ಆಮೇಲೆ ಅವರೇ ಹೇಳಿದರು, ಪಾಠ ಹೇಳುವ ಹಾಗೆ ನಿಧಾನವಾಗಿ. ತಾಮ್ರ ತುಟ್ಟಿಯಾಯಿತು, ಶೆಡ್ಡು ಮುಚ್ಚುತ್ತೇನೆ ಅಂತ ಮೊದಲಾಳಿ ಹೊರಟಿದ್ದರು, ಇದು ತಾವೂ ಮೊದಲಾಳಿಯೂ ಕೂತು ಮಾಡಿದ ಏರ್ಪಾಡು. ಆರು ತಿಂಗಳ ಮಟ್ಟಿಗೆ ಮಾತ್ರ ಅಂದುಕೊಂಡಿದ್ದರಂತೆ. "ಮೂವತ್ತು ಮನೆ ಒಲೆ ಉರೀಬೇಕಲ್ಲ ಅಮ್ಮಿಣಿ."

"ನನಗೆ ಹೇಳಬಹುದಿತ್ತಲ್ಲ."

"ಹೇಳಿದ್ರೆ ನೀನು ಸಹಿ ಹಾಕ್ತಿದ್ಯಾ?"

"ಇಲ್ಲ."

"ಅದಕ್ಕೇ ಹೇಳಲಿಲ್ಲ. ಮೋಟಾರು ಕೊಳ್ಳೋರು ನಿನ್ನ ಸಹಿ ನೋಡಿದ್ರೆ ಸಾಕು, ಎರಡನೇ ಸಲ ಅಳೆಯಲ್ಲ. ಬೇರೆ ಯಾರಾದ್ರೂ ಮೇಜಿನ ಮುಂದೆ ಇದ್ದಿದ್ರೆ ಒಂದು ವಾರದಲ್ಲಿ ಮೀಟರಿನ ಮೇಲೆ ಅನುಮಾನ ಪಡ್ತಿದ್ರು. ನೀನು ಪಡಲ್ಲ ಅಂತ ನನಗೆ ಗೊತ್ತಿತ್ತು. ನಾನು ಕೊಟ್ಟ ಮೀಟರಲ್ವಾ."

ಇದನ್ನು ಅವರು ಪ್ರೀತಿಯಿಂದಲೇ ಹೇಳಿದರು. ಅದನ್ನು ತಡೆದುಕೊಳ್ಳಲು ನನಗೆ ಆಗಲಿಲ್ಲ.

"ರಾಕ್ಕಿಯಣ್ಣನಿಗೆ ಎರಡು ಬೆರಳಿಲ್ಲ" ಅಂದೆ.

ಅವರು ಬುತ್ತಿಯ ಮುಚ್ಚಳವನ್ನೇ ನೋಡುತ್ತಿದ್ದರು.

೧೬ ಮಾರ್ಚ್, ಬುಧವಾರ

ಮೊದಲಾಳಿ ಕೊಠಡಿಗೆ ಕರೆದು ಕುರ್ಚಿ ಹಾಕಿಸಿದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಪಂಚಾಯಿತಿಯವರು ದೂರು ಕೊಟ್ಟಿದ್ದಾರೆ, ಮುಂದಿನ ವಾರ ವಿಚಾರಣೆಗೆ ಅಧಿಕಾರಿ ಬರುತ್ತಾರೆ. ಒಂದು ಕಾಗದ ಟೈಪು ಮಾಡಿಸಿಟ್ಟಿದ್ದರು. ಮನೆಯ ಚಿಂತೆಯಿಂದ ನಾನು ಕೆಲವು ಮೋಟಾರುಗಳನ್ನು ಟೆಸ್ಟ್ ಮಾಡದೆ ಅಂದಾಜಿನಲ್ಲಿ ಬರೆದೆ ಅಂತ.

"ಸಹಿ ಹಾಕು. ಎರಡು ತಿಂಗಳು ಮನೇಲಿರು. ಆಮೇಲೆ ಬಾ. ಹೆಂಗಸು, ತಪ್ಪಾಯ್ತು ಅಂದ್ರೆ ಅವರೂ ಬಿಟ್ಟುಬಿಡ್ತಾರೆ."

ಅಯ್ಯಾ, ಅಲ್ಲ, ಆರುಚ್ಚಾಮಿ, ಕಿಟಕಿಯ ಹತ್ತಿರ ನಿಂತಿದ್ದರು. ನಾನು ಅವರ ಕಡೆ ನೋಡಿದೆ. ಈಗಲಾದರೂ ಒಂದು ಮಾತು ಹೇಳುತ್ತಾರೆ ಅಂತ ಇತ್ತು. ಅವರು ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ಚಾಚಿದರು. ಎಡಗೈಯಿಂದ.

"ಓದಿ ನೋಡಿ ಹಾಕ್ತೀನಿ" ಅಂತ ಕಾಗದ ಮಡಿಸಿಕೊಂಡು ಬಂದೆ.

೧೭ ಮಾರ್ಚ್, ಗುರುವಾರ

ಬೆಳಗ್ಗೆ ಹೋದಾಗ ಮೇಜಿನ ಮೇಲೆ ಹೊಸ ಮೀಟರು. ಹಳೆಯದು ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲವಂತೆ. ಗೋದಾಮಿನಲ್ಲಿದ್ದ ಮೋಟಾರುಗಳೂ, ವರಾಂಡದಲ್ಲಿದ್ದ ಸುಟ್ಟದ್ದೂ ಇಲ್ಲ. ತಂತಿಯ ತುಂಡು ಆರುಚ್ಚಾಮಿಯ ಜೇಬಿಗೆ ಹೋಗಿ ಎಷ್ಟು ದಿನವಾಯಿತು! ನಾನೇ ಕೊಟ್ಟದ್ದು.

ನನ್ನ ಹತ್ತಿರ ಉಳಿದದ್ದು ನಾಲ್ಕು ಬಲ್ಬು.

ಒಬ್ಬಳೇ ಕೂತು ಹೊಸ ಮೀಟರಿಗೆ ಬಲ್ಬು ಹಚ್ಚಿದೆ. ಎರಡೂವರೆ. ಇನ್ನೊಂದು. ಎರಡೂವರೆ. ಪೆಟ್ಟಿಗೆ ಬಿಚ್ಚಿದ ಹೊಸ ಮೀಟರು, ಕೈ ಹಾಕಲು ಇನ್ನೂ ಯಾರಿಗೂ ಪುರಸೊತ್ತಾಗಿಲ್ಲ. ಸತ್ಯ ಹೇಳುತ್ತಿದೆ. ಆಮೇಲೆ ಕೈಚೀಲ ತಗೊಂಡು ಅನ್ನೂರಿನ ಬಸ್ಸು ಹತ್ತಿದೆ.

ರಾಕ್ಕಿಯಣ್ಣನ್ ಮನೆಗೆ ಬಂದಿದ್ದ, ಜಗಲಿಯಲ್ಲಿ ಕೂತಿದ್ದ. ಎಲ್ಲವನ್ನೂ ಹೇಳಿದೆ, ಶಂಟಿನ ಸಂಗತಿಯನ್ನೂ, ನನ್ನ ದಡ್ಡತನವನ್ನೂ.

"ಅಣ್ಣಾ, ನಿಮ್ಮ ಪಂಚಾಯಿತಿಗೆ ಎರಡು ಮೋಟಾರು ಬಂದಿದ್ದವು. ಒಂದು ಸುಟ್ಟಿತು. ಇನ್ನೊಂದು?"

"ಪೆಟ್ಟಿಗೇಲೇ ಇದೆ. ಕೂರಿಸೋಕೆ ಬಿಡಲಿಲ್ಲ ನಾನು."

"ಅದನ್ನ ವಿಚಾರಣೆ ದಿನ ತರ್ತೀರಾ?"

"ಅದಕ್ಕೆ ನಾನೇ ಬರಬೇಕಾ?"

"ನೀವೇ ಬನ್ನಿ. ಬೇರೆ ಯಾರ ಕೈಗೂ ಕೊಡಬೇಡಿ. ನನ್ನ ಕೈಗೂ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಆಸ್ಪತ್ರೆಗೆ ಬಂದಾಗ ಬೇರೆ ಥರ ಇದ್ದೆ ನೀನು" ಅಂದ. ಏನು ಅರ್ಥವೋ. ಆವತ್ತು ಇದೇ ಸೀರೆ ಉಟ್ಟಿದ್ದೆ.

೨೪ ಮಾರ್ಚ್, ಗುರುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಅಧಿಕಾರಿ ಹತ್ತು ಗಂಟೆಗೆ ಬಂದರು. ಕನ್ನಡಕ, ಹತ್ತಿ ಅಂಗಿ, ಕಡಿಮೆ ಮಾತು. ಮೊದಲಾಳಿ ಎಳನೀರು ಕೊಡಿಸಿ, ಟೈಪು ಮಾಡಿದ ಕಾಗದದ ಇನ್ನೊಂದು ಪ್ರತಿಯನ್ನು ಮುಂದಿಟ್ಟರು. "ಈಕೆ ಒಪ್ಪಿಕೊಂಡಿದ್ದಾಳೆ, ಸಹಿ ಒಂದು ಬಾಕಿ."

ಅಧಿಕಾರಿ ನನ್ನನ್ನು ಕೇಳಿದರು, "ಟೆಸ್ಟ್ ಮಾಡದೆ ಬರೆದದ್ದು ನಿಜವೇನಮ್ಮಾ?"

"ಇಲ್ಲ ಸಾರ್. ಪ್ರತಿಯೊಂದನ್ನೂ ಮಾಡಿದೀನಿ. ಹಾಳೇಲಿ ಇರೋ ಸಹಿ ನನ್ನದೇ. ಈ ಕಾಗದಕ್ಕೆ ಹಾಕಲ್ಲ."

ಆ ಹೊತ್ತಿಗೆ ಹೊರಗೆ ಟೆಂಪೋ ನಿಂತಿತು. ರಾಕ್ಕಿಯಣ್ಣನ್ ಎಡಗೈಯನ್ನು ಪೆಟ್ಟಿಗೆಯ ಮೇಲಿಟ್ಟುಕೊಂಡೇ ಇಳಿದ. ಇಬ್ಬರು ಅದನ್ನು ಹೊತ್ತು ತಂದರು. "ನಾನು ಸ್ವಲ್ಪ ಲೇಟು. ಒಂದು ಕೈಯವನು, ಪಂಚೆ ಕಟ್ಟೋದಕ್ಕೇ ಅರ್ಧ ಗಂಟೆ ಬೇಕು" ಅಂದ. ಯಾರೂ ನಗಲಿಲ್ಲ. ಮೊದಲಾಳಿಯ ಮುಖ ಮಾತ್ರ ಬದಲಾಯಿತು.

ಹೊಸ ಮೀಟರಿಗೆ ಮೊದಲು ಬಲ್ಬು ಹಚ್ಚಿ ತೋರಿಸಿದೆ. ಆರು ವೋಲ್ಟು, ಎರಡೂವರೆ ಆಂಪಿಯರು, ಗುಣಿಸಿದರೆ ಹದಿನೈದು ವ್ಯಾಟು. ಬಲ್ಬಿನ ಬುಡದಲ್ಲಿರುವುದೂ ಅದೇ. "ಮೀಟರು ಸರಿಯಾಗಿದೆ, ಒಪ್ತೀರಾ ಸಾರ್?" ಅವರು ತಲೆಯಾಡಿಸಿದರು. ಪೆಟ್ಟಿಗೆ ಒಡೆಸಿದೆ. ಸುರುಳಿಯ ತುದಿಗಳನ್ನು ಕೆರೆದು ಹಚ್ಚಿದೆ. ಮುಳ್ಳು ಎದ್ದು, ಒಂದನ್ನು ದಾಟಿ, ಒಂದೂಕಾಲಿಗೆ ನಿಂತಿತು. ಇದೇ ನಂಬರಿನ ನನ್ನ ಹಾಳೆಯನ್ನು ಪಕ್ಕದಲ್ಲಿಟ್ಟೆ. ಎರಡು ಅಂತ ಇತ್ತು.

ಅಧಿಕಾರಿ ಬಗ್ಗಿ ಎರಡನ್ನೂ ನೋಡಿದರು. ಆಮೇಲೆ ತಲೆಯೆತ್ತಿ, ನನ್ನನ್ನಲ್ಲ, ಆರುಚ್ಚಾಮಿಯನ್ನು ಕೇಳಿದರು: "ಫೋರ್‌ಮನ್ ನೀವಲ್ವಾ? ಎಷ್ಟು ಓಮ್ ಆಯ್ತು ಇದು?"

ಸುತ್ತ ಹೆಂಗಸರೆಲ್ಲ ನಿಂತಿದ್ದರು. ರಂಗಾತ್ತಾ ಜಗಿಯುವುದನ್ನು ನಿಲ್ಲಿಸಿದ್ದಳು. ಮೊದಲಾಳಿ ಕೆಮ್ಮಿದರು. ಮೀಟರು ಸರಿಯಿಲ್ಲ, ಬ್ಯಾಟರಿ ಇಳಿದಿದೆ, ಏನಾದರೂ ಹೇಳುತ್ತಾರೆ ಅಂತ ನಾನು ಹಲ್ಲು ಕಚ್ಚಿಕೊಂಡಿದ್ದೆ. ಆರುಚ್ಚಾಮಿ ಮುಳ್ಳನ್ನು ನೋಡಿದರು. ತುಟಿ ಅಲುಗಿತು. ಭಾಗಾಕಾರ ಮಾಡುವಾಗ ಅವರ ತುಟಿ ಹಾಗೇ ಅಲುಗುತ್ತದೆ.

"ನಾಲ್ಕು ಪಾಯಿಂಟ್ ಎಂಟು" ಅಂದರು.

"ತಾಮ್ರವಾಗಿದ್ದರೆ?"

"ಮೂರು."

ಅಷ್ಟೇ. ಲೆಕ್ಕವನ್ನು ತಪ್ಪು ಹೇಳಲು ಅವರಿಗೆ ಆಗಲಿಲ್ಲ. ನನಗೆ ಮಾಡಿದ್ದನ್ನೆಲ್ಲ ಮಾಡಲು ಆಗಿತ್ತು.

ಉಳಿದದ್ದನ್ನು ಅವರೇ ಬರೆದುಕೊಟ್ಟರು, ನಾಲ್ಕು ಪುಟ. ಮೊದಲಾಳಿ ಅವರನ್ನು ಬೈದದ್ದು ಅಂಗಳದ ತನಕ ಕೇಳಿಸಿತು. ಸಾಯಂಕಾಲ ಶೆಡ್ಡಿಗೆ ಮುದ್ರೆ ಬಿತ್ತು. ಮಾರಿದ ನೂರ ನಲವತ್ತೆರಡು ಮೋಟಾರುಗಳನ್ನೂ ವಾಪಸ್ಸು ತರಿಸಬೇಕು ಅಂತ ಆದೇಶ.

ಸೈಕಲ್ಲು ತಳ್ಳಿಕೊಂಡು ಹೋಗುವಾಗ ಆರುಚ್ಚಾಮಿ ನನ್ನ ಹತ್ತಿರ ನಿಂತರು. "ಬಲ್ಬಿನದು ಒಳ್ಳೇ ಯೋಚನೆ" ಅಂದರು. "ಅದನ್ನ ನಾನು ನಿನಗೆ ಕಲಿಸಿರಲಿಲ್ಲ."

ನಾನು ದಾರಿ ಬಿಟ್ಟು ನಿಂತೆ. ಹೋದರು.



೧೩ ಏಪ್ರಿಲ್, ಬುಧವಾರ

ತಮಿಳು ಹೊಸ ವರ್ಷ. ಅಮ್ಮ ಬೇವಿನ ಹೂವಿನ ಪಚ್ಚಡಿ ಮಾಡಿದಳು. ಈ ಸಲ ಬೆಲ್ಲ ಕಡಿಮೆ. ಸಾಕು ಅಂದೆ.

ಬೀದಿಯಲ್ಲಿ ಇಬ್ಬರು ಹೆಂಗಸರು ನನ್ನನ್ನು ಕಂಡು ಆಚೆ ಬದಿಗೆ ದಾಟಿದರು. ರಂಗಾತ್ತಾ ದಾಟಲಿಲ್ಲ, ನೇರ ಮನೆಗೇ ಬಂದಳು. "ಮೂವತ್ತು ಜನ ಮನೇಲಿ ಕೂತಿದೀವಿ. ಹಬ್ಬಕ್ಕೆ ಒಳ್ಳೇ ಉಡುಗೊರೆ ಕೊಟ್ಟೆ."

"ನಾನು ಕೂತಿಲ್ವಾ?"

"ನೀನೊಬ್ಳು. ನನ್ನ ಮನೇಲಿ ಐದು ಬಾಯಿ."

"ಹಾಗಾದ್ರೆ ನಾನು ಏನು ಮಾಡಬೇಕಿತ್ತು ಹೇಳು."

ಅಮ್ಮ ಪಚ್ಚಡಿ ತಂದಿಟ್ಟಳು. ರಂಗಾತ್ತಾ ನನ್ನ ಮುಖ ನೋಡದೆ ತಿಂದು, ಬಟ್ಟಲು ತೊಳೆದಿಟ್ಟು ಹೋದಳು. ಅವಳು ಹೇಳಿದ್ದೂ ಸುಳ್ಳಲ್ಲ.

೯ ಮೇ, ಸೋಮವಾರ

ಸತ್ತಿ ರಸ್ತೆಯ ಸುಟ್ಟ ಮೋಟಾರಿಗೆ ತಂತಿ ಮರುಸುತ್ತುವ ಸಣ್ಣ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ಮೊದಲ ದಿನವೇ ಅವರ ಮೀಟರಿಗೆ ಬಲ್ಬು ಹಚ್ಚಿದೆ. ಅಂಗಡಿಯವನು ಮುಖ ಗಂಟು ಹಾಕಿದ. "ನಮ್ಮ ಮೇಲೆ ನಂಬಿಕೆ ಇಲ್ವಾ?"

"ಇಲ್ಲ" ಅಂದೆ. "ಪ್ರತಿ ಸೋಮವಾರ ಹಚ್ತೀನಿ. ನೀವೂ ನೋಡಿ, ನನ್ನನ್ನೂ ನಂಬಬೇಡಿ."

ಅವನು ಸರಿ ಅಂದ. ಕಾಯಿಲಿಗೆ ಒಳ್ಳೆಯ ಕೈ ಬೇಕು, ಯಾರಾದರೂ ಇದ್ದಾರಾ ಅಂತ ಕೇಳಿದ. ರಂಗಾತ್ತಾಳ ಹೆಸರು ಹೇಳಿದೆ.

೪ ಜೂನ್, ಶನಿವಾರ

ಪಂಚಾಯಿತಿಯ ಪೆಟ್ಟಿಗೆಯ ಮೋಟಾರನ್ನು ಬಿಚ್ಚಿ ತಾಮ್ರದಲ್ಲಿ ಸುತ್ತಿದ್ದು ರಂಗಾತ್ತಾ. ಅಳೆದದ್ದು ನಾನು. ಇವತ್ತು ಪಂಪ್‌ಹೌಸಿಗೆ ಹೋಗಿ ಅದನ್ನು ಕೂರಿಸಿದೆವು. ಆರು ವೋಲ್ಟು, ಎರಡು ಆಂಪಿಯರು. ಭೂಮಿಗೆ ಹೋಗುವ ತಂತಿಯನ್ನೂ ನೋಡಿದೆ. ಹಳೆಯದು ತುಕ್ಕು ಹಿಡಿದು ತುಂಡಾಗಿತ್ತು, ಹೊಸದು ಹಾಕಿಸಿದೆ.

ರಾಕ್ಕಿಯಣ್ಣನ್ ಬಾಗಿಲ ಹೊರಗೇ ನಿಂತಿದ್ದ. ಒಳಗೆ ಕಾಲಿಡಲಿಲ್ಲ. "ಮೂರು ಓಮ್ ಬಂತಣ್ಣಾ" ಅಂದೆ.

"ಆವತ್ತೂ ಮೂರೇ ಅಂದಿದ್ದೆ."

ಸಿಟ್ಟಿನಿಂದ ಹೇಳಿದ್ದಲ್ಲ. ಸ್ಟಾರ್ಟರ್ ನಾನೇ ಒತ್ತಿದೆ. ಮೋಟಾರು ಎದ್ದಿತು, ನೀರು ಕೊಳವೆಯೊಳಗೆ ಏರುವ ಸದ್ದು ಕೇಳಿಸಿತು. ಅವನು ಹೊರಗಿನಿಂದಲೇ ಅದನ್ನು ನೋಡುತ್ತಿದ್ದ.

"ನನಗೆ ನಿನ್ನ ಭಾಗಾಕಾರ ಬರಲ್ಲ ತಾಯಿ" ಅಂದ. "ನೀನು ಮುಟ್ಟು."

ಮುಟ್ಟಿದೆ. ಅಂಗೈ ಪೂರ್ತಿ ಊರಿದೆ. ತೆಗೆಯಬಹುದಾ ಅಂತ ಅವನ ಮುಖ ನೋಡಿದೆ. ಅವನ ಕಣ್ಣು ನನ್ನ ಕೈಯ ಮೇಲೇ ಇತ್ತು. ಕಬ್ಬಿಣ ನಿಧಾನವಾಗಿ ಬೆಚ್ಚಗಾಗುತ್ತಾ ಬಂತು, ಆಮೇಲೆ ಬಿಸಿ ಏರದೆ ಅಲ್ಲಿಗೇ ನಿಂತಿತು. ಹೊರಗೆ ಯಾರೋ ತೊಟ್ಟಿ ತುಂಬುತ್ತಿದೆ ಅಂತ ಕೂಗಿದರು. ಅರ್ಧ ಗಂಟೆಯಾಗಿರಬೇಕು.

ಆಗ ಅವನು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಮೂರು ಬೆರಳಿನ ಬಲಗೈಯನ್ನು ತಂದು ಮೋಟಾರಿನ ಮೇಲೆ, ನನ್ನ ಕೈಯ ಪಕ್ಕದಲ್ಲಿ ಇಟ್ಟ.